ಕಚೇರಿ ಮುಗಿದ ಮೇಲೆ ತಂಗುವುದೆಲ್ಲಿ?



ಯುಗಾದಿಯಾಗಿ ಎಂಟು ದಿನಕ್ಕೆ ರಾಮನವಮಿ. ಅಷ್ಟರೊಳಗೆ ಬೆಂಗಳೂರಿನಲ್ಲಿ ಚಪ್ಪರಗಳು ಎದ್ದಿರುತ್ತವೆ. ಬಸವನಗುಡಿ, ಮಲ್ಲೇಶ್ವರ, ಶೇಷಾದ್ರಿಪುರ, ಚಾಮರಾಜಪೇಟೆ, ಎಲ್ಲೆಡೆ ದೇವಸ್ಥಾನದ ಅಂಗಳದಲ್ಲೋ ಶಾಲೆಯ ಮೈದಾನದಲ್ಲೋ ಸಂಜೆಯಾದರೆ ತಂಬೂರಿಯ ಶ್ರುತಿ ಕೇಳುತ್ತದೆ. ಪಾನಕ, ಕೋಸಂಬರಿ, ನೀರುಮಜ್ಜಿಗೆಯ ಈ ಹಬ್ಬವೇ ನಮ್ಮ ಬೇಸಗೆಯ ಸಂಗೀತೋತ್ಸವ.

ಇವುಗಳಲ್ಲಿ ನಾಡಿನಾಚೆಗೂ ಹೆಸರಾದದ್ದು ಚಾಮರಾಜಪೇಟೆಯ ಶ್ರೀರಾಮಸೇವಾ ಮಂಡಲಿಯ ಉತ್ಸವ. 1939ರಲ್ಲಿ ಎಸ್.ವಿ. ನಾರಾಯಣಸ್ವಾಮಿ ರಾವ್ ಅದನ್ನು ಆರಂಭಿಸಿದಾಗ ಅವರಿನ್ನೂ ಹುಡುಗ. ಮುಂದೆ ಎಂ.ಎಸ್. ಸುಬ್ಬುಲಕ್ಷ್ಮಿ, ಬಾಲಮುರಳಿಕೃಷ್ಣ ಅವರಂಥವರು ಆ ವೇದಿಕೆಯಲ್ಲಿ ಹಾಡಿದರು. ಕೋಟೆ ಹೈಸ್ಕೂಲಿನ ಮೈದಾನದಲ್ಲಿ ಹಾಕುವ ಆ ಚಪ್ಪರದಲ್ಲಿ ಸುಮಾರು ಒಂದು ತಿಂಗಳು ಸಂಗೀತ ನಡೆಯುತ್ತದೆ.

ಈ ಸಂಗೀತ ಬೆಂಗಳೂರಿನವರಿಗೆ ಮಾತ್ರ ಮೀಸಲಲ್ಲ. ಹಾಸನದಿಂದ, ಶಿವಮೊಗ್ಗದಿಂದ, ದಾವಣಗೆರೆಯಿಂದ, ಧಾರವಾಡದಿಂದ ಬಂದು ಕೇಳುವವರಿದ್ದಾರೆ. ಪಾಠ ಕಲಿಯುವ ಹುಡುಗ ಹುಡುಗಿಯರು, ನಿವೃತ್ತ ಮೇಷ್ಟರು, ಮನೆಯ ಜವಾಬ್ದಾರಿ ಸ್ವಲ್ಪ ಹಗುರವಾದ ತಾಯಂದಿರು. ಇವರಿಗೆ ಟಿಕೆಟ್ಟಿನ ಹಣ ದೊಡ್ಡ ಹೊರೆಯಲ್ಲ. ಬಸ್ಸಿನ ಹಣವೂ ಅಲ್ಲ. ಮಂಗಳ ಹಾಡಿ, ಚಪ್ಪರದ ದೀಪಗಳು ಒಂದೊಂದಾಗಿ ಆರಿದ ಮೇಲೆ ಎಲ್ಲಿ ಮಲಗುವುದು ಎನ್ನುವುದೇ ದೊಡ್ಡ ಪ್ರಶ್ನೆ. ಎಷ್ಟೋ ಜನ ಈ ಒಂದೇ ಕಾರಣಕ್ಕೆ ಊರಲ್ಲೇ ಉಳಿಯುತ್ತಾರೆ. ಇವತ್ತಿನ ಮಾತು ಅವರಿಗಾಗಿ.

ಮೊದಲು ತಿಳಿಯಬೇಕಾದದ್ದು, ಈ ದಿನಗಳಲ್ಲಿ ಬೆಂಗಳೂರಿನಲ್ಲಿ ರೂಮಿಗೆ ಏಕೆ ಇಷ್ಟು ಬರ ಎಂಬುದು.

ಚೈತ್ರ, ವೈಶಾಖ ಎಂದರೆ ಮದುವೆಯ ಕಾಲ. ಮುಹೂರ್ತವಿದ್ದ ದಿನ ಕಲ್ಯಾಣ ಮಂಟಪ ಮಾತ್ರವಲ್ಲ, ಅದರ ಸುತ್ತಲಿನ ಲಾಡ್ಜುಗಳೂ ಗಂಡಿನ ಕಡೆಯವರಿಂದ ತುಂಬಿಹೋಗುತ್ತವೆ. ಸಾಮಾನ್ಯ ದಿನಗಳಲ್ಲಿ ಯಾತ್ರಿಕರಿಗೆ ಸಿಗುವ ಛತ್ರದ ಕೊಠಡಿ ಆ ದಿನ ಬೀಗರ ಪಾಲು. ಜೊತೆಗೆ ಏಪ್ರಿಲ್ ಎರಡನೇ ವಾರದಿಂದ ಶಾಲೆಗಳಿಗೆ ರಜೆ. ಮಕ್ಕಳನ್ನು ಕಟ್ಟಿಕೊಂಡು ಊರು ನೋಡಲು ಬರುವವರು ಬೇರೆ. ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಐಪಿಎಲ್ ಪಂದ್ಯವಿದ್ದರಂತೂ ಮಹಾತ್ಮ ಗಾಂಧಿ ರಸ್ತೆಯ ಕಡೆ ರೂಮು ಕೇಳುವುದೇ ಬೇಡ.

ಇನ್ನೊಂದು ಸಂಗತಿ ಹೊರಗಿನವರಿಗೆ ಹೊಳೆಯುವುದಿಲ್ಲ. ರಾಮನವಮಿಯಾದ ಆರನೆಯ ದಿನಕ್ಕೆ ಚೈತ್ರ ಹುಣ್ಣಿಮೆ. ಅಂದು ಬೆಂಗಳೂರು ಕರಗ. ತಿಗಳರಪೇಟೆಯ ಧರ್ಮರಾಯಸ್ವಾಮಿ ದೇವಸ್ಥಾನದಿಂದ ನಡುರಾತ್ರಿ ಹೊರಡುವ ಕರಗ ಬೆಳಗಿನವರೆಗೂ ಪೇಟೆಯ ಬೀದಿಗಳಲ್ಲಿ ಸಂಚರಿಸುತ್ತದೆ. ಆ ಪೇಟೆ ಕೋಟೆ ಹೈಸ್ಕೂಲಿಗೆ ತೀರ ಹತ್ತಿರ. ಆ ರಾತ್ರಿ ಚಿಕ್ಕಪೇಟೆ, ನಗರ್ತಪೇಟೆ, ಮಾರುಕಟ್ಟೆಯ ಸುತ್ತ ಲಕ್ಷಾಂತರ ಜನ ಸೇರುತ್ತಾರೆ. ವಾಹನಗಳಿಗೆ ದಾರಿ ಇರುವುದಿಲ್ಲ. ಕರಗವನ್ನೂ ನೋಡುವ ಆಸೆ ಇದ್ದರೆ ಅದೊಂದು ಭಾಗ್ಯ, ಬನ್ನಿ. ಸಂಗೀತವಷ್ಟೇ ಸಾಕು ಎನ್ನುವವರು ಕರಗದ ದಿನವನ್ನೂ ಅದರ ಮರುದಿನವನ್ನೂ ಬಿಟ್ಟು ಬನ್ನಿ.

ಹಾಗಾದರೆ ಯಾವ ದಿನ ಬರಬೇಕು? ಇದಕ್ಕೆ ಮನೆಯ ಗೋಡೆಗೆ ತೂಗುಹಾಕಿದ ಒಂಟಿಕೊಪ್ಪಲ್ ಪಂಚಾಂಗವೇ ಸಾಕು. ಅದರಲ್ಲಿ ವಿವಾಹ ಮುಹೂರ್ತಗಳ ಪಟ್ಟಿ ಇರುತ್ತದೆ. ಉತ್ಸವದ ಕಾರ್ಯಕ್ರಮ ಪಟ್ಟಿ ಕೈಗೆ ಬಂದ ಕೂಡಲೇ ಎರಡನ್ನೂ ಪಕ್ಕಪಕ್ಕದಲ್ಲಿ ಇಟ್ಟುಕೊಳ್ಳಿ. ಮುಹೂರ್ತವಿಲ್ಲದ, ವಾರಾಂತ್ಯವಲ್ಲದ ದಿನ ನಿಮಗೆ ಪ್ರಿಯರಾದ ಗಾಯಕರ ಕಚೇರಿ ಇದ್ದರೆ ಆ ದಿನವನ್ನು ಗುರುತು ಮಾಡಿ. ಉತ್ಸವ ತಿಂಗಳು ಪೂರ್ತಿ ನಡೆಯುವುದರಿಂದ ಆಯ್ಕೆಗೆ ಅವಕಾಶ ಧಾರಾಳವಾಗಿದೆ. ಎಲ್ಲರೂ ಮುಗಿಬೀಳುವ ಶನಿವಾರಕ್ಕಿಂತ ಮಂಗಳವಾರದ ಕಚೇರಿಯಲ್ಲಿ ಕೂರಲು ಜಾಗವೂ ಸಿಗುತ್ತದೆ, ಮಲಗಲು ರೂಮೂ ಸಿಗುತ್ತದೆ.

ಮದುವೆ, ರಜೆ, ಕರಗ, ಇವು ಮೂರೂ ಸೇರಿ ರೂಮಿಗೆ ಬರ ತರುತ್ತವೆ ಎಂದಾಯಿತು. ದಿನ ಆರಿಸಿಕೊಂಡರೆ ಅರ್ಧ ಕೆಲಸ ಮುಗಿಯಿತು ಎಂದೂ ಆಯಿತು. ಇನ್ನು ಉಳಿಯುವ ಜಾಗಗಳ ಮಾತು. ಎಲ್ಲಕ್ಕಿಂತ ಹಳೆಯದರಿಂದಲೇ ಹೊರಡೋಣ. ಅದು ಛತ್ರ.

ಬೆಂಗಳೂರು ರೈಲು ನಿಲ್ದಾಣದ ಸಮೀಪ, ಮೆಜೆಸ್ಟಿಕ್ಕಿನಲ್ಲಿ, ಗುಬ್ಬಿ ತೋಟದಪ್ಪನವರ ಛತ್ರವಿದೆ. ಅದರ ಕಥೆಯನ್ನು ಬಸ್ಸು ಹಿಡಿಯುವ ಅವಸರದಲ್ಲಿ ಎಷ್ಟೋ ಜನ ದಾಟಿ ಹೋಗುತ್ತಾರೆ. ತೋಟದಪ್ಪನವರು ಗುಬ್ಬಿಯವರು. ಬೆಂಗಳೂರಿಗೆ ಬಂದು ಮಾಮೂಲ್‌ಪೇಟೆಯಲ್ಲಿ ವ್ಯಾಪಾರ ಮಾಡಿದರು. ಅವರಿಗೆ ಮಕ್ಕಳಿರಲಿಲ್ಲ. ಗಳಿಸಿದ ಆಸ್ತಿಯನ್ನು ಏನು ಮಾಡಬೇಕು ಎಂಬ ಪ್ರಶ್ನೆಗೆ ಅವರು ಕಂಡುಕೊಂಡ ಉತ್ತರ ಎರಡು. ಊರಿಗೆ ಬಂದ ಪ್ರಯಾಣಿಕರಿಗೆ ತಂಗಲು ಜಾಗ. ಓದಲು ಬಂದ ಹುಡುಗರಿಗೆ ವಿದ್ಯಾರ್ಥಿನಿಲಯ. 1897ರಲ್ಲಿ ರೈಲು ನಿಲ್ದಾಣದ ಹತ್ತಿರ ನೆಲ ಕೊಂಡರು. 1903ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಛತ್ರವನ್ನು ಉದ್ಘಾಟಿಸಿದರು. ಆಗ ನಾಲ್ವಡಿಯವರು ಹತ್ತೊಂಬತ್ತು ತುಂಬದ ತರುಣ. ಇವನ್ನು ನಡೆಸಲು ಕಟ್ಟಿದ ಧರ್ಮಸಂಸ್ಥೆಯ ಹೊಣೆ ಹೊತ್ತವರಲ್ಲಿ ಕೆ.ಪಿ. ಪುಟ್ಟಣ್ಣ ಚೆಟ್ಟರೂ ಇದ್ದರು. ಕೋಟೆ ಹೈಸ್ಕೂಲಿನಿಂದ ಸ್ವಲ್ಪ ದೂರದಲ್ಲಿರುವ ಪುರಭವನಕ್ಕೆ ಇರುವುದು ಇದೇ ಪುಟ್ಟಣ್ಣ ಚೆಟ್ಟರ ಹೆಸರು. ತೋಟದಪ್ಪನವರು 1910ರಲ್ಲಿ ತೀರಿಕೊಂಡರು.

ಈ ಕಥೆಯನ್ನು ಇಷ್ಟು ವಿವರವಾಗಿ ಹೇಳಲು ಕಾರಣವಿದೆ. ಒಬ್ಬ ವ್ಯಾಪಾರಿ, ತನ್ನ ಹಣದಿಂದ, ರೈಲು ಇಳಿದು ಕೆಲವು ಹೆಜ್ಜೆ ನಡೆದರೆ ಸಿಗುವಂಥ ಜಾಗದಲ್ಲಿ ತಂಗುದಾಣ ಕಟ್ಟಿಸಿದರು. ಜಾಗದ ಆಯ್ಕೆಯಲ್ಲೇ ಅವರ ಕರುಣೆ ಕಾಣುತ್ತದೆ. ಅಪರಿಚಿತ ಊರಿನಲ್ಲಿ ಕತ್ತಲಾದ ಮೇಲೆ ಇಳಿದವನಿಗೆ ದೂರದ ಅರಮನೆಗಿಂತ ಹತ್ತಿರದ ಜಗಲಿಯೇ ಮೇಲು ಎಂಬುದನ್ನು ಅವರು ಬಲ್ಲವರಾಗಿದ್ದರು. ನೂರಿಪ್ಪತ್ತು ವರ್ಷ ದಾಟಿದರೂ ಆ ಸಂಸ್ಥೆ ನಡೆಯುತ್ತಿದೆ. ಉತ್ಸವಕ್ಕೆ ಬರುವವರು ಮೊದಲು ವಿಚಾರಿಸಬೇಕಾದ ಜಾಗಗಳಲ್ಲಿ ಅದೊಂದು.

ಇಂಥ ಛತ್ರಗಳು, ಧರ್ಮಶಾಲೆಗಳು ಚಿಕ್ಕಪೇಟೆ, ಗಾಂಧಿನಗರದ ಆಸುಪಾಸಿನಲ್ಲಿ ಇನ್ನೂ ಇವೆ. ಬಸವನಗುಡಿ, ಶಂಕರಪುರ, ಜಯನಗರದ ಮಠಗಳಲ್ಲೂ ಕೆಲವೆಡೆ ಭಕ್ತರಿಗೆ ಕೊಠಡಿ ಕೊಡುವ ಪದ್ಧತಿ ಇದೆ. ಮಠದ ಪರಿಚಯವಿದ್ದವರು ಊರಿನಿಂದಲೇ ಒಂದು ಪತ್ರ ತಂದರೆ ಅನುಕೂಲ. ಆದರೆ ನೇರವಾಗಿ ಪೆಟ್ಟಿಗೆ ಹಿಡಿದು ಬಾಗಿಲಲ್ಲಿ ನಿಲ್ಲಬೇಡಿ. ಮೊದಲೇ ಫೋನು ಮಾಡಿ. ಫೋನಿನಲ್ಲಿ ಮೂರು ಮಾತು ಕೇಳಿ. ಒಬ್ಬರೇ ಬಂದರೆ ಕೊಡುತ್ತೀರಾ? ಎಷ್ಟು ರಾತ್ರಿ ಇರಬಹುದು? ಮೂರನೆಯದೇ ಎಲ್ಲಕ್ಕಿಂತ ಮುಖ್ಯ: ರಾತ್ರಿ ಗೇಟು ಹಾಕುವುದು ಎಷ್ಟು ಹೊತ್ತಿಗೆ?

ಛತ್ರ, ಮಠಗಳಲ್ಲಿ ಬೆಳಿಗ್ಗೆ ಬೇಗ ಏಳುತ್ತಾರೆ, ರಾತ್ರಿ ಬೇಗ ಬಾಗಿಲು ಹಾಕುತ್ತಾರೆ. ಕಚೇರಿ ರಂಗೇರಿದ ದಿನ ಮಂಗಳ ಮುಗಿಯುವ ಹೊತ್ತಿಗೆ ಒಂಬತ್ತೂವರೆಯೂ ಆಗಬಹುದು, ಹತ್ತೂ ಆಗಬಹುದು. ತನಿ ಆವರ್ತನ ಮುಗಿದ ಕೂಡಲೇ ಗೇಟಿನ ಚಿಂತೆಯಲ್ಲಿ ಎದ್ದು ಓಡಬೇಕಾದರೆ ಅಷ್ಟು ದೂರದಿಂದ ಬಂದೇನು ಫಲ? ಕಾವಲುಗಾರರಿಗೆ ಮೊದಲೇ ಹೇಳಿ, ಕಚೇರಿಗೆ ಹೋಗುತ್ತೇವೆ, ಹತ್ತೂವರೆಯಾಗುತ್ತದೆ ಎಂದು ತಿಳಿಸಿದರೆ ಬಹುಪಾಲು ಕಡೆ ಒಪ್ಪುತ್ತಾರೆ. ಹೇಳದೆ ಹೋಗಿ ಬಾಗಿಲು ಬಡಿಯುವುದು ಸರಿಯಲ್ಲ.

ಛತ್ರ ಸಿಗದಿದ್ದರೆ ಲಾಡ್ಜು. ಬೆಂಗಳೂರಿನಲ್ಲಿ ಅಗ್ಗದ ಲಾಡ್ಜು ಎಂದರೆ ಮೆಜೆಸ್ಟಿಕ್, ಚಿಕ್ಕಪೇಟೆ, ಕಲಾಸಿಪಾಳ್ಯ. ಮೂರೂ ಕೋಟೆ ಹೈಸ್ಕೂಲಿಗೆ ದೂರವಲ್ಲ. ಇಲ್ಲಿ ಬೆಲೆಯ ಹಲಗೆ ನೋಡಿ ಮಾತ್ರ ತೀರ್ಮಾನಿಸಬಾರದು. ಕೌಂಟರಿನಲ್ಲಿ ಕೂತವರ ಹಿಂದೆ ಗೋಡೆಯ ಮೇಲೆ ಒಂದು ಬೋರ್ಡು ಇರುತ್ತದೆ. ಬಿಸಿನೀರು ಬೆಳಿಗ್ಗೆ ಆರರಿಂದ ಎಂಟು. ಅದರ ಕೆಳಗೆ, ಚೆಕ್‌ಔಟ್ ಇಪ್ಪತ್ನಾಲ್ಕು ಗಂಟೆ. ಈ ಎರಡನೆಯ ಸಾಲಿನ ಬೆಲೆ ತಿಳಿದವರಿಗೆ ಗೊತ್ತು.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಕೆಲವು ಹೋಟೆಲುಗಳಲ್ಲಿ ನೀವು ಯಾವಾಗ ಬಂದರೂ ಮರುದಿನ ಮಧ್ಯಾಹ್ನ ಹನ್ನೆರಡಕ್ಕೆ ಬಿಡಬೇಕು. ಸಂಜೆ ಐದಕ್ಕೆ ರೂಮು ಹಿಡಿದರೆ ಸಿಗುವುದು ಹತ್ತೊಂಬತ್ತು ಗಂಟೆ. ಇಪ್ಪತ್ನಾಲ್ಕು ಗಂಟೆಯ ಲಾಡ್ಜಿನಲ್ಲಿ ಹಾಗಲ್ಲ. ಮಧ್ಯಾಹ್ನ ಮೂರಕ್ಕೆ ರೂಮು ಹಿಡಿದರೆ ಮರುದಿನ ಮೂರರವರೆಗೂ ಅದು ನಿಮ್ಮದೇ. ಊರಿಂದ ಬಂದು ಸ್ನಾನ ಮಾಡಿ, ಕಚೇರಿ ಕೇಳಿ, ಬೆಳಿಗ್ಗೆ ಗಾಂಧಿ ಬಜಾರಿನಲ್ಲಿ ತಿಂಡಿ ತಿಂದು, ಮತ್ತೊಂದು ನಿದ್ದೆ ತೆಗೆದು ಹೊರಡಬಹುದು. ಬೇಸಗೆಯ ಬಿಸಿಲಲ್ಲಿ ಮಧ್ಯಾಹ್ನ ದಣಿವಾರಿಸಿಕೊಳ್ಳಲು ನೆರಳು ಸಿಗುವುದು ವಯಸ್ಸಾದವರಿಗೆ ಸಣ್ಣ ಮಾತಲ್ಲ.

ಫೋನಿನಲ್ಲಿ ಬೆಲೆ ಕೇಳುವಾಗ, "ಟ್ಯಾಕ್ಸ್ ಎಲ್ಲಾ ಸೇರಿಸಿ ಎಷ್ಟಾಗುತ್ತೆ ಸಾರ್?" ಎಂದು ಕೇಳಿ. 2025ರ ಸೆಪ್ಟೆಂಬರಿನಿಂದ 7,500 ರೂಪಾಯಿಯವರೆಗಿನ ಕೊಠಡಿಗೆ ಜಿಎಸ್‌ಟಿ ಶೇಕಡಾ 5. ಅದಕ್ಕೆ ಮೊದಲು ಶೇಕಡಾ 12 ಇತ್ತು. ಸಾವಿರ ರೂಪಾಯಿಯ ರೂಮಿಗೆ ಐವತ್ತು ರೂಪಾಯಿ ತೆರಿಗೆ. ಯಾರಾದರೂ ಇನ್ನೂ ಹಳೆಯ ಲೆಕ್ಕ ಹೇಳಿದರೆ ವಿನಯದಿಂದ ಬಿಲ್ಲು ಕೇಳಿ. ಹಾಸಿಗೆ, ಬಚ್ಚಲು ನೋಡದೆ ಅಡ್ವಾನ್ಸು ಕೊಡಬೇಡಿ. ಪ್ರತಿಯೊಬ್ಬರೂ ಮೂಲ ಗುರುತಿನ ಚೀಟಿ ತನ್ನಿ. ಮೊಬೈಲಿನಲ್ಲಿ ತೆಗೆದ ಫೋಟೋ ಎಲ್ಲ ಕಡೆ ನಡೆಯುವುದಿಲ್ಲ. ಆಪ್‌ಗಳಲ್ಲಿ ಬುಕ್ ಮಾಡುವವರು ದುಡ್ಡು ಕಟ್ಟುವ ಮೊದಲು ಲಾಡ್ಜಿಗೇ ಒಮ್ಮೆ ಫೋನು ಮಾಡಿ, ಬುಕಿಂಗು ಅವರಿಗೆ ತಲುಪುತ್ತದೆಯೇ ಎಂದು ಖಚಿತಪಡಿಸಿಕೊಂಡರೆ ರಾತ್ರಿ ಹೊತ್ತಿನ ಜಗಳ ತಪ್ಪುತ್ತದೆ.

ರೈಲಿನಲ್ಲಿ ಬರುವವರಿಗೆ ಇನ್ನೊಂದು ದಾರಿ ಇದೆ. ರೈಲು ನಿಲ್ದಾಣದ ವಿಶ್ರಾಂತಿ ಕೊಠಡಿ. ಖಚಿತವಾದ ಟಿಕೆಟ್ ಅಥವಾ ಆರ್‌ಎಸಿ ಇದ್ದವರು ತಮ್ಮ ಪಿಎನ್ಆರ್ ಸಂಖ್ಯೆ ಕೊಟ್ಟು ಐಆರ್‌ಸಿಟಿಸಿಯಲ್ಲಿ ಕೊಠಡಿಯನ್ನೋ ಡಾರ್ಮಿಟರಿಯ ಹಾಸಿಗೆಯನ್ನೋ ಕಾದಿರಿಸಬಹುದು. ಸಾಮಾನ್ಯವಾಗಿ ಹನ್ನೆರಡು ಗಂಟೆಯಿಂದ ನಲವತ್ತೆಂಟು ಗಂಟೆಯವರೆಗೆ ಕೊಡುತ್ತಾರೆ. ಸಂಖ್ಯೆ ಕಡಿಮೆ, ಬೇಡಿಕೆ ಹೆಚ್ಚು. ಆದ್ದರಿಂದ ಟಿಕೆಟ್ ಮಾಡಿದ ದಿನವೇ ಕೊಠಡಿಯನ್ನೂ ನೋಡಿಬಿಡಿ. ಒಬ್ಬರೇ ಬರುವ ವಿದ್ಯಾರ್ಥಿಗೆ ಇದರಷ್ಟು ಸುರಕ್ಷಿತ, ಇದರಷ್ಟು ಅಗ್ಗದ ಹಾಸಿಗೆ ನಗರದ ನಡುವೆ ಸಿಗುವುದು ಕಷ್ಟ.

ಈವರೆಗೆ ಕೇಳಿದ್ದು ಛತ್ರ, ಮಠ, ಲಾಡ್ಜು, ರೈಲು ನಿಲ್ದಾಣ. ಇವೆಲ್ಲ ಕೋಟೆ ಹೈಸ್ಕೂಲಿನ ಸುತ್ತಮುತ್ತಲಿನವು. ಇಲ್ಲಿ ಜಾಗ ಸಿಗದಿದ್ದರೆ ದೂರ ಹೋಗಬೇಕು. ಎಷ್ಟು ದೂರ ಹೋಗಬಹುದು ಎಂಬುದು ಮುಂದಿನ ಮಾತು. ಬಹಳ ಜನ ಹಣ ಕಳೆದುಕೊಳ್ಳುವುದು ಇಲ್ಲಿಯೇ.

ಒಂದು ಲೆಕ್ಕ ಹಾಕೋಣ. ಕೋಟೆಯಿಂದ ಹದಿನೈದು ಕಿಲೋಮೀಟರ್ ಆಚೆ, ಏಳುನೂರು ರೂಪಾಯಿಗೆ ಒಂದು ರೂಮು ಸಿಕ್ಕಿತು ಎಂದುಕೊಳ್ಳಿ. ಹತ್ತಿರದ ರೂಮಿಗೆ ಸಾವಿರ. ಮುನ್ನೂರು ಉಳಿಯಿತು ಎಂದು ಸಂತೋಷವಾಗುತ್ತದೆ. ಕಚೇರಿ ಮುಗಿದು ಆಟೋ ಹತ್ತುವ ಹೊತ್ತಿಗೆ ಹತ್ತು ಗಂಟೆ ದಾಟಿರುತ್ತದೆ. 2025ರ ಆಗಸ್ಟಿನಿಂದ ಬೆಂಗಳೂರಿನ ಆಟೋಗೆ ಮೊದಲ ಎರಡು ಕಿಲೋಮೀಟರಿಗೆ 36 ರೂಪಾಯಿ, ಆಮೇಲೆ ಕಿಲೋಮೀಟರಿಗೆ 18. ರಾತ್ರಿ ಹತ್ತರಿಂದ ಬೆಳಿಗ್ಗೆ ಐದರವರೆಗೆ ಒಂದೂವರೆ ಪಟ್ಟು. ಹದಿನೈದು ಕಿಲೋಮೀಟರಿಗೆ ಹಗಲಲ್ಲಿ 270 ರೂಪಾಯಿ. ರಾತ್ರಿ ಸುಮಾರು ನಾನೂರು. ಇದು ಮೀಟರಿನ ಲೆಕ್ಕ. ಮಳೆ ಬಂದ ರಾತ್ರಿ ಮೀಟರು ಹಾಕಿಸುವುದು ಎಷ್ಟು ಕಷ್ಟ ಎಂದು ಬೆಂಗಳೂರಿನವರೇ ಹೇಳುತ್ತಾರೆ. ಏಳುನೂರಕ್ಕೆ ನಾನೂರು ಸೇರಿಸಿದರೆ ಸಾವಿರದ ನೂರು. ಉಳಿತಾಯ ಎಲ್ಲಿ?

ಮಳೆಯ ಮಾತು ಬಂತು. ಏಪ್ರಿಲ್ ಕೊನೆಯಲ್ಲಿ ಬೆಂಗಳೂರಿನ ಸಂಜೆ ನಂಬುವ ಹಾಗಿಲ್ಲ. ಅಶ್ವಿನಿ ಹೋಗಿ ಭರಣಿ ಬರುವ ಹೊತ್ತು. ಗುಡುಗು, ಗಾಳಿ, ಆಲಿಕಲ್ಲು. ಪಲ್ಲವಿಯ ನಡುವೆ ಚಪ್ಪರದ ಮೇಲೆ ಹನಿ ಬೀಳುವ ಸದ್ದು ಕೇಳಿದವರಿಗೆ ಆ ಸುಖ ಗೊತ್ತು. ಹೊರಗೆ ಬಂದರೆ ಅಂಡರ್‌ಪಾಸುಗಳಲ್ಲಿ ನೀರು, ಮರ ಬಿದ್ದು ರಸ್ತೆ ಬಂದ್. ಅಂಥ ರಾತ್ರಿ ರೂಮು ಹತ್ತಿರವಿದ್ದವರೇ ಪುಣ್ಯವಂತರು.

ದೂರ ಉಳಿಯಲೇಬೇಕಾದರೆ ರಸ್ತೆಯನ್ನು ನಂಬಬೇಡಿ, ಮೆಟ್ರೋ ನಂಬಿ. ಕೋಟೆ ಹೈಸ್ಕೂಲಿಗೆ ಕೃಷ್ಣರಾಜೇಂದ್ರ ಮಾರುಕಟ್ಟೆಯ ಮೆಟ್ರೋ ನಿಲ್ದಾಣ ನಡೆದು ಹೋಗುವಷ್ಟು ಹತ್ತಿರ. ಅದು ಹಸಿರು ಮಾರ್ಗ. ಅಲ್ಲಿಂದ ಮೆಜೆಸ್ಟಿಕ್ ಎರಡನೆಯ ನಿಲ್ದಾಣ. ಯಶವಂತಪುರಕ್ಕೆ ಸುಮಾರು ಇಪ್ಪತ್ತು ನಿಮಿಷ. ಇನ್ನೊಂದು ದಿಕ್ಕಿಗೆ ಹೊರಟರೆ ನ್ಯಾಷನಲ್ ಕಾಲೇಜು, ಲಾಲ್‌ಬಾಗ್, ಸೌತ್ ಎಂಡ್ ಸರ್ಕಲ್, ಜಯನಗರ, ಬನಶಂಕರಿ. 2025ರ ಫೆಬ್ರವರಿಯಲ್ಲಿ ಪರಿಷ್ಕರಿಸಿದ ದರದಲ್ಲಿ ಕನಿಷ್ಠ 10 ರೂಪಾಯಿ, ಎಷ್ಟು ದೂರ ಹೋದರೂ 90. ರಾತ್ರಿ ಹನ್ನೊಂದರ ಹೊತ್ತಿಗೆ ಕೊನೆಯ ರೈಲುಗಳು ಹೊರಡುತ್ತವೆ. ಹೋಗುವಾಗಲೇ ನಿಲ್ದಾಣದಲ್ಲಿ ಕೊನೆಯ ರೈಲಿನ ಸಮಯ ಕೇಳಿಟ್ಟುಕೊಳ್ಳಿ.

ಹುಬ್ಬಳ್ಳಿ, ದಾವಣಗೆರೆ ಕಡೆಯಿಂದ ಬರುವವರು ಯಶವಂತಪುರದಲ್ಲಿ ಇಳಿದು ಅಲ್ಲಿಯೇ ರೂಮು ಮಾಡುವುದು ಜಾಣತನ. ಮಾರುಕಟ್ಟೆಯ ಊರು ಅದು. ವ್ಯಾಪಾರಕ್ಕೆ ಬರುವ ರೈತರಿಗಾಗಿ ಸಣ್ಣ ಲಾಡ್ಜುಗಳು ಅಲ್ಲಿ ಹಿಂದಿನಿಂದಲೂ ಇವೆ. ಮದುವೆಯ ಜನ ಅತ್ತ ಬರುವುದು ಕಡಿಮೆ.

ಇಲ್ಲಿಯವರೆಗಿನ ಮಾತಿನ ಸಾರ ಇಷ್ಟು. ರೂಮಿನ ಬಾಡಿಗೆಯನ್ನೂ ರಾತ್ರಿ ವಾಪಸಾಗುವ ಖರ್ಚನ್ನೂ ಕೂಡಿಸಿ ನೋಡಬೇಕು. ಈಗ ಇನ್ನೊಂದು ಪ್ರಶ್ನೆ. ರೂಮೇ ಬೇಕೇ?

ಒಂದೇ ಕಚೇರಿ ಕೇಳಲು ಬರುವವರಿಗೆ ಬೇಕಾಗಿಲ್ಲ. ಮೈಸೂರಿನವರು ಮಧ್ಯಾಹ್ನ ಹೊರಟು, ಕಚೇರಿ ಮುಗಿಸಿ, ಮೈಸೂರು ರಸ್ತೆಯ ಸ್ಯಾಟಲೈಟ್ ಬಸ್ ನಿಲ್ದಾಣಕ್ಕೆ ಹೋದರೆ ರಾತ್ರಿಯಲ್ಲೂ ಬಸ್ಸು ಸಿಗುತ್ತದೆ. ಶಿವಮೊಗ್ಗ, ಹಾಸನ, ಚಿಕ್ಕಮಗಳೂರು, ಧಾರವಾಡದ ಕಡೆಗೆ ಮೆಜೆಸ್ಟಿಕ್ಕಿನಿಂದ ರಾತ್ರಿ ಬಸ್ಸುಗಳು ಹೊರಡುತ್ತವೆ. ಬೆಳಿಗ್ಗೆ ಕಣ್ಣು ಬಿಟ್ಟರೆ ಊರು. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ರಾಜ್ಯದ ಮಹಿಳೆಯರಿಗೆ ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ಪ್ರಯಾಣ ಉಚಿತ. ಐಷಾರಾಮಿ ಮತ್ತು ಸ್ಲೀಪರ್ ಬಸ್ಸುಗಳಿಗೆ ಅದು ಅನ್ವಯಿಸುವುದಿಲ್ಲ. ಇಬ್ಬರು ಮೂವರು ಗೆಳತಿಯರು ಒಟ್ಟಾಗಿ ಬಂದರೆ ಕೆಂಪು ಬಸ್ಸಿನಲ್ಲಿ ಹೋಗಿಬರುವ ಖರ್ಚು ಏನೂ ಇಲ್ಲ. ಹಳ್ಳಿಯ ಸಂಗೀತ ಪಾಠಶಾಲೆಯ ಹೆಣ್ಣುಮಕ್ಕಳಿಗೆ ದೊಡ್ಡ ವಿದ್ವಾಂಸರ ಕಚೇರಿಯನ್ನು ಎದುರಿಗೆ ಕೂತು ಕೇಳಲು ಇದಕ್ಕಿಂತ ಒಳ್ಳೆಯ ಅವಕಾಶ ಹಿಂದೆ ಇರಲಿಲ್ಲ. ಪಾಠ ಹೇಳುವ ಗುರುಗಳು ಇದನ್ನು ಗಮನಿಸಬೇಕು.

ಆದರೆ ಅರವತ್ತು ದಾಟಿದವರು ಎರಡು ರಾತ್ರಿ ಬಸ್ಸಿನಲ್ಲಿ ಕಳೆದು ನಡುವಿನ ಹಗಲು ನಿಲ್ದಾಣದಲ್ಲಿ ಕೂರುವುದು ಬೇಡ. ಸಂಗೀತ ಕೇಳಲು ಮೈ ಹಗುರವಾಗಿರಬೇಕು. ನಿದ್ದೆಗೆಟ್ಟ ಕಿವಿಗೆ ಯಾವ ರಾಗವೂ ಪೂರ್ತಿ ಇಳಿಯುವುದಿಲ್ಲ.

ನೆಂಟರ ಮನೆಯ ಮಾತನ್ನು ಬಿಡುವಂತಿಲ್ಲ. ಇಂದಿಗೂ ಬಹುಪಾಲು ರಸಿಕರು ಉಳಿಯುವುದು ಚಿಕ್ಕಪ್ಪನದೋ ಅಕ್ಕನದೋ ಮಗಳದೋ ಮನೆಯಲ್ಲಿ. ಇದು ಹೆಮ್ಮೆಯ ವಿಷಯ. ಆದರೆ ಈಗಿನ ಬೆಂಗಳೂರಿನ ಮನೆಗಳಲ್ಲಿ ಗಂಡ ಹೆಂಡತಿ ಇಬ್ಬರೂ ಬೆಳಿಗ್ಗೆ ಎಂಟಕ್ಕೆ ಕೆಲಸಕ್ಕೆ ಹೊರಡುತ್ತಾರೆ. ರಾತ್ರಿ ಹನ್ನೊಂದಕ್ಕೆ ಬಾಗಿಲು ತೆರೆಯಲು ಅವರು ಎದ್ದು ಕಾಯಬೇಕಾಗುತ್ತದೆ. ಮೂರು ರಾತ್ರಿ ಮೀರದ ಹಾಗೆ ನೋಡಿಕೊಳ್ಳಿ. ಒಂದು ಬೀಗದ ಕೈ ಕೇಳಿ ಇಟ್ಟುಕೊಳ್ಳಿ. ರಾತ್ರಿ ಊಟ ಹೊರಗೇ ಮುಗಿಸಿ, ಹಾಗೆಂದು ಬೆಳಿಗ್ಗೆಯೇ ಹೇಳಿ. ಸಾಧ್ಯವಾದರೆ ಒಂದು ಸಂಜೆ ಅವರನ್ನೂ ಕಚೇರಿಗೆ ಕರೆದುಕೊಂಡು ಹೋಗಿ. ಬೆಂಗಳೂರಿನಲ್ಲೇ ಇದ್ದು ಒಮ್ಮೆಯೂ ಆ ಚಪ್ಪರದೊಳಗೆ ಕಾಲಿಡದವರು ಬಹಳ.

ಛತ್ರ, ಲಾಡ್ಜು, ರೈಲು, ರಾತ್ರಿ ಬಸ್ಸು, ನೆಂಟರ ಮನೆ ಆಯಿತು. ಕೊನೆಯದಾಗಿ ಒಂದು ದಾರಿ. ಇದನ್ನು ನಮ್ಮಲ್ಲಿ ಇನ್ನೂ ಸರಿಯಾಗಿ ತೆರೆದಿಲ್ಲ. ಆದ್ದರಿಂದಲೇ ಇದರ ಬಗ್ಗೆ ಹೆಚ್ಚು ಹೇಳಬೇಕು.

ಸ್ಕಾಟ್ಲೆಂಡಿನ ಎಡಿನ್‌ಬರೋ ನಗರದಲ್ಲಿ 1947ರಿಂದ ಪ್ರತಿ ಆಗಸ್ಟ್ ತಿಂಗಳು ಸಂಗೀತ, ನಾಟಕಗಳ ದೊಡ್ಡ ಉತ್ಸವ ನಡೆಯುತ್ತದೆ. ಆ ತಿಂಗಳು ಅಲ್ಲಿ ಹೋಟೆಲಿನ ಬೆಲೆ ಸಾಮಾನ್ಯರ ಕೈಗೆಟುಕುವುದಿಲ್ಲ. ಆದರೆ ಅದೇ ಹೊತ್ತಿಗೆ ವಿಶ್ವವಿದ್ಯಾಲಯಕ್ಕೆ ರಜೆ. ವಿದ್ಯಾರ್ಥಿಗಳು ಊರಿಗೆ ಹೋಗಿರುತ್ತಾರೆ. ಅವರ ಹಾಸ್ಟೆಲ್ ಕೊಠಡಿಗಳನ್ನು ವಿಶ್ವವಿದ್ಯಾಲಯವೇ ಉತ್ಸವಕ್ಕೆ ಬರುವವರಿಗೆ ಬಾಡಿಗೆಗೆ ಕೊಡುತ್ತದೆ. ಆಸ್ಟ್ರಿಯಾದ ಸಾಲ್ಸ್‌ಬರ್ಗ್ ಮೊಟ್ಸಾರ್ಟ್ ಹುಟ್ಟಿದ ಊರು. ಅಲ್ಲಿನ ಉತ್ಸವ 1920ರಿಂದ ನಡೆದು ಬಂದಿದೆ. ಅಲ್ಲಿಯೂ ವಿದ್ಯಾರ್ಥಿನಿಲಯಗಳು ಬೇಸಗೆಯಲ್ಲಿ ತಂಗುದಾಣಗಳಾಗುತ್ತವೆ. ಅದೂ ಸಿಗದವರು ಗಡಿಯಾಚೆ ಜರ್ಮನಿಯ ಫ್ರೈಲಾಸಿಂಗ್ ಎಂಬ ಸಣ್ಣ ಊರಿನಲ್ಲಿ ಉಳಿದು, ಕೆಲವೇ ನಿಮಿಷದ ರೈಲಿನಲ್ಲಿ ಬಂದು ಹೋಗುತ್ತಾರೆ. ಅವರ ಫ್ರೈಲಾಸಿಂಗ್, ನಮ್ಮ ಯಶವಂತಪುರ. ದಾರಿ ಒಂದೇ.

ಬೆಂಗಳೂರಿನಲ್ಲೂ ಪರಿಸ್ಥಿತಿ ಹಾಗೆಯೇ ಇದೆ. ದ್ವಿತೀಯ ಪಿಯುಸಿಯ ಮೊದಲ ಪರೀಕ್ಷೆ ಮಾರ್ಚಿನಲ್ಲಿ ಮುಗಿಯುತ್ತದೆ. ಶಾಲೆಗಳಿಗೆ ಮೇ ಕೊನೆಯವರೆಗೆ ರಜೆ. ಬಸವನಗುಡಿ, ಜಯನಗರ, ವಿಜಯನಗರದ ಸುತ್ತ ಎಷ್ಟೋ ವಿದ್ಯಾರ್ಥಿನಿಲಯಗಳು, ಪಿ.ಜಿ.ಗಳು ಈ ದಿನಗಳಲ್ಲಿ ಅರ್ಧ ಖಾಲಿ. ಮಂಚವಿದೆ, ಫ್ಯಾನಿದೆ, ಅಡುಗೆಮನೆಯಿದೆ, ಕಾವಲುಗಾರರಿದ್ದಾರೆ. ಮಲಗುವವರಿಲ್ಲ. ಇತ್ತ ಅಲ್ಲಿಂದ ಕೆಲವೇ ಕಿಲೋಮೀಟರ್ ದೂರದ ಚಪ್ಪರಕ್ಕೆ ಬರಲು ಆಸೆಯಿದ್ದೂ ಜಾಗವಿಲ್ಲದೆ ಊರಲ್ಲಿ ಉಳಿದ ಕೇಳುಗರು. ಇವರಿಬ್ಬರನ್ನು ಸೇರಿಸುವ ಕೆಲಸ ಆಗಬೇಕು.

ಸದ್ಯಕ್ಕೆ ನೀವೇ ಪ್ರಯತ್ನಿಸಬಹುದು. ಕೆಲವು ಪಿ.ಜಿ.ಗಳು ದಿನಬಾಡಿಗೆಗೆ ಹಾಸಿಗೆ ಕೊಡುತ್ತವೆ. ಗೇಟಿನಲ್ಲಿ ಅದರ ಫಲಕವನ್ನೂ ಹಾಕಿರುತ್ತಾರೆ. ಒಂದು ವಾರ ಉಳಿಯುವವರಿಗೆ ಇದು ಲಾಡ್ಜಿಗಿಂತ ಅಗ್ಗ. ಹಲವು ಕಡೆ ಬೆಳಗಿನ ತಿಂಡಿಯೂ ರಾತ್ರಿ ಊಟವೂ ಸೇರಿರುತ್ತದೆ. ರಾತ್ರಿ ಊಟ ಒಂಬತ್ತಕ್ಕೆ ಮುಗಿಯುತ್ತದೆ ಎಂಬುದನ್ನು ನೆನಪಿಡಿ, ಒಂದು ಡಬ್ಬಿಯಲ್ಲಿ ತೆಗೆದಿಡಲು ಹೇಳಿ. ಹೆಣ್ಣುಮಕ್ಕಳಿಗೆ ಮಹಿಳೆಯರದೇ ಪಿ.ಜಿ. ಇದ್ದರೆ ತಂದೆ ತಾಯಿಗೂ ನೆಮ್ಮದಿ. ಇಲ್ಲಿಯೂ ಗೇಟಿನ ಸಮಯವನ್ನು ಕೇಳಲು ಮರೆಯಬೇಡಿ.

ಇನ್ನು ಉತ್ಸವ ನಡೆಸುವವರಿಗೆ ಒಂದು ಮಾತು. ಸಂಗೀತ ಸಭೆಗಳು ದೊಡ್ಡ ಕಲಾವಿದರನ್ನು ಕರೆಸಲು ಪಡುವ ಶ್ರಮ ಕಡಿಮೆಯದಲ್ಲ. ಕಲಾವಿದರ ವಸತಿಗೆ ವ್ಯವಸ್ಥೆ ಮಾಡುತ್ತಾರೆ, ಪಕ್ಕವಾದ್ಯದವರಿಗೆ ಮಾಡುತ್ತಾರೆ. ಹೊರ ಊರಿನ ಕೇಳುಗನೂ ಆ ಕಚೇರಿಯ ಭಾಗವೇ. ಕಾರ್ಯಕ್ರಮ ಪಟ್ಟಿಯ ಕೊನೆಯ ಪುಟದಲ್ಲಿ, ಪ್ರಾಯೋಜಕರ ಜಾಹೀರಾತಿನ ಪಕ್ಕದಲ್ಲಿ, ಹತ್ತಿರದ ಛತ್ರ, ಧರ್ಮಶಾಲೆ, ಮಠ, ಪಿ.ಜಿ.ಗಳ ಹೆಸರು, ಫೋನ್ ಸಂಖ್ಯೆ, ಗೇಟು ಹಾಕುವ ಸಮಯವನ್ನು ಅಚ್ಚು ಹಾಕಿಸಿ. ಒಬ್ಬ ಸ್ವಯಂಸೇವಕ ಒಂದು ವಾರ ಓಡಾಡಿದರೆ ಆಗುವ ಕೆಲಸ ಇದು. ಹತ್ತಿರದ ಒಂದೆರಡು ವಿದ್ಯಾರ್ಥಿನಿಲಯಗಳ ಆಡಳಿತದವರೊಂದಿಗೆ ಮಾತಾಡಿ, ಏಪ್ರಿಲ್ ಮೇ ತಿಂಗಳಲ್ಲಿ ಇಪ್ಪತ್ತು ಮೂವತ್ತು ಹಾಸಿಗೆಗಳನ್ನಾದರೂ ಕೇಳುಗರಿಗೆ ಬಿಡಿಸಿಕೊಡಿ. ಸಂಗೀತ ಶಾಲೆಯ ಮಕ್ಕಳು ಗುರುಗಳೊಡನೆ ಬಂದರೆ ಅವರಿಗೆ ಮೊದಲ ಆದ್ಯತೆ ಇರಲಿ.

ವಿದ್ಯಾರ್ಥಿನಿಲಯ ನಡೆಸುವವರಿಗೂ ಇದೇ ವಿನಂತಿ. ರಜೆಯಲ್ಲಿ ಖಾಲಿ ಬಿದ್ದ ಕೊಠಡಿಗೆ ಬರುವ ಬಾಡಿಗೆ ಬಡ ಹುಡುಗರ ಊಟದ ಖರ್ಚಿಗೆ ಆಗುತ್ತದೆ. ಪ್ರಯಾಣಿಕರ ಛತ್ರವನ್ನೂ ಓದುವ ಹುಡುಗರ ನಿಲಯವನ್ನೂ ಒಂದೇ ಧರ್ಮಸಂಸ್ಥೆಯಡಿ ಇಟ್ಟ ತೋಟದಪ್ಪನವರ ಊರು ಇದು.

ಕೇಳುಗರೇ, ಉತ್ಸವದ ಪಟ್ಟಿ ಸಾಮಾನ್ಯವಾಗಿ ಯುಗಾದಿಗೆ ಮೊದಲೇ ಪತ್ರಿಕೆಗಳಲ್ಲಿ ಬರುತ್ತದೆ. ಅದು ಬಂದ ದಿನವೇ ಕುಳಿತು ದಿನ ಆರಿಸಿ, ಅದೇ ದಿನ ರೂಮಿಗೆ ಫೋನು ಮಾಡಿ. ಒಂದು ವಾರ ತಡಮಾಡಿದರೆ ಬೀಗರು ನಿಮಗಿಂತ ಮೊದಲು ಮಾಡಿರುತ್ತಾರೆ.